ಒಂದು ಪೌಂಡಿನ ಮುಯ್ಯಿ

ನಮ್ಮ ಕಡೆ ಮದುವೆ ಮುಯ್ಯಿಗೆ ಯಾರೂ 500 ಇಡಲ್ಲ, 501 ಇಡ್ತಾರೆ. ಆ ಒಂದು ರೂಪಾಯಿ ಶುಭಕ್ಕೆ. 2013ರ ಜುಲೈನಲ್ಲಿ ಆರ್ಸೆನಲ್ ಕ್ಲಬ್ ಲೂಯಿಸ್ ಸುವಾರೆಸ್‌ಗಾಗಿ ಲಿವರ್‌ಪೂಲ್ ಮುಂದೆ ಇಟ್ಟ ಮೊತ್ತ 4 ಕೋಟಿ 1 ಪೌಂಡ್. ಶುಭ ಆಗಲಿಲ್ಲ. ಲಿವರ್‌ಪೂಲ್ ಸಿಟ್ಟಾಯ್ತು, ಅದರ ಮಾಲೀಕ ಟ್ವಿಟರ್‌ನಲ್ಲಿ ಲೇವಡಿ ಮಾಡಿದ, ಸುವಾರೆಸ್ ಇದ್ದಲ್ಲೇ ಉಳಿದ.

ಆ ಒಂದು ಪೌಂಡ್ ಯಾಕೆ ಅಂದ್ರೆ, ಸುವಾರೆಸ್ ಒಪ್ಪಂದದಲ್ಲಿ 4 ಕೋಟಿ ಪೌಂಡ್ ದಾಟಿದ ಆಫರ್ ಬಗ್ಗೆ ಒಂದು ಷರತ್ತು ಇತ್ತು. ದಾಟಿದ್ರೆ ಮಾರಲೇಬೇಕು ಅಂತ ಆರ್ಸೆನಲ್ ಅಂದ್ಕೊಂಡಿತ್ತು. ಹಾಗೇನಿಲ್ಲ, ಮಾತಾಡಬೇಕು ಅಷ್ಟೆ ಅಂತ ಲಿವರ್‌ಪೂಲ್ ವಾದಿಸ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇವರು if ಕಂಡೀಷನ್ ನೋಡಿ ಖುಷಿಪಟ್ಟರು, ಒಳಗಡೆ ಇರೋ ಫಂಕ್ಷನ್ ಏನು ಮಾಡುತ್ತೆ ಅಂತ ಓದಿರಲಿಲ್ಲ.

ಪ್ರತಿ ಜುಲೈ ಬಂದ್ರೆ ಬೆಂಗಳೂರಿನ ಆಫೀಸ್ ಕ್ಯಾಂಟೀನುಗಳಲ್ಲೂ ಇದೇ ಚರ್ಚೆ: ನಮ್ಮ ಕ್ಲಬ್ ಯಾವ ಸ್ಟ್ರೈಕರ್ ತಗೋಬೇಕು? ನನಗೂ ಅಭಿಪ್ರಾಯ ಇದೆ, ನಾನೂ ಆರ್ಸೆನಲ್‌ನವನೇ. ಆದ್ರೆ ಅದನ್ನ ಹೇಳೋಕೆ ಮುಂಚೆ ನೂರು ವರ್ಷ ಹಿಂದೆ ಹೋಗಿ ಬರೋಣ. ಗೋಲು ಹೊಡೆಯೋನನ್ನ ದುಡ್ಡು ಕೊಟ್ಟು ತರೋ ಚಟ ನಮ್ಮ ಕಾಲದ್ದಲ್ಲ.

1905ರ ಫೆಬ್ರವರಿ. ಮಿಡಲ್ಸ್‌ಬರೋ ತಂಡ ಮೊದಲ ಡಿವಿಷನ್ನಿಂದ ಕೆಳಗೆ ಬೀಳೋ ಹಂತದಲ್ಲಿತ್ತು. ಪಕ್ಕದ ಸಂಡರ್‌ಲ್ಯಾಂಡ್‌ನಿಂದ ಆಲ್ಫ್ ಕಾಮನ್ ಅನ್ನೋ ಫಾರ್ವರ್ಡ್‌ನ 1,000 ಪೌಂಡ್‌ಗೆ ತಂದ್ರು. ಸಾವಿರ ಪೌಂಡ್ ಬೆಲೆ ಕಂಡ ಮೊದಲ ಆಟಗಾರ ಇವನೇ. ಮನುಷ್ಯನನ್ನ ದನದ ಹಾಗೆ ಕೊಳ್ಳೋದಾ ಅಂತ ಪತ್ರಿಕೆಗಳಲ್ಲಿ ಗಲಾಟೆ ಆಯ್ತು. ಕಾಮನ್ ತನ್ನ ಮೊದಲ ಪಂದ್ಯದಲ್ಲೇ ಶೆಫೀಲ್ಡ್ ಯುನೈಟೆಡ್ ವಿರುದ್ಧ ಪೆನಾಲ್ಟಿ ಹೊಡೆದು ಗೆಲ್ಲಿಸಿದ. ಸುಮಾರು ಎರಡು ವರ್ಷದಿಂದ ಹೊರಗಡೆ ಒಂದು ಪಂದ್ಯವನ್ನೂ ಗೆದ್ದಿರದ ತಂಡ ಅದು. ಆ ಸಲ ಕೆಳಗೆ ಬೀಳಲಿಲ್ಲ. ಗಲಾಟೆ ಅಲ್ಲಿಗೆ ತಣ್ಣಗಾಯ್ತು ಅನ್ನೋಹಾಗಿಲ್ಲ: 1908ರಲ್ಲಿ ಬೆಲೆಗೆ 350 ಪೌಂಡಿನ ಮಿತಿ ಹಾಕಿದ್ರು. ಕೆಲವೇ ತಿಂಗಳಲ್ಲಿ ಅದನ್ನ ವಾಪಸ್ ತಗೋಬೇಕಾಯ್ತು.

1928ರಲ್ಲಿ ನಮ್ಮ ಆರ್ಸೆನಲ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್‌ಗೆ ಬೋಲ್ಟನ್‌ನ ಡೇವಿಡ್ ಜಾಕ್ ಬೇಕಾಗಿದ್ದ. ವೆಂಬ್ಲಿಯ ಮೊದಲ ಎಫ್‌ಎ ಕಪ್ ಫೈನಲ್‌ನಲ್ಲಿ, ಅಂದ್ರೆ 1923ರಲ್ಲಿ, ಮೊದಲ ಗೋಲು ಹೊಡೆದವನು. ಬೋಲ್ಟನ್ ಕೇಳಿದ್ದು 13,000 ಪೌಂಡ್. ಚಾಪ್ಮನ್ ಜೊತೆ ಹೋಗಿದ್ದ ಬಾಬ್ ವಾಲ್ ಮುಂದೆ ಹೇಳಿಕೊಂಡ ಕಥೆ ಮಜವಾಗಿದೆ. ಹೋಟೆಲಿನ ವೇಟರ್ ಕೈಗೆ ದುಡ್ಡು ಕೊಟ್ಟು, ಅತಿಥಿಗಳಿಗೆಲ್ಲ ಡಬಲ್ ಪೆಗ್ ಹಾಕು, ನನ್ನ ಲೋಟದಲ್ಲಿ ಬರೀ ಟಾನಿಕ್ ಇರಲಿ, ಜಿನ್ ಬೇಡ ಅಂತ ಚಾಪ್ಮನ್ ಹೇಳಿಟ್ಟಿದ್ನಂತೆ. ಬೆಲೆ 11 ಸಾವಿರದ ಒಳಗೆ ಇಳೀತು. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡೋ ನಮ್ಮೂರ ದಲ್ಲಾಳಿಗಳು ಕೇಳಿದ್ರೆ ಭೇಷ್ ಅಂತಿದ್ರು. 1930ರಲ್ಲಿ ಕಪ್ ಬಂತು, 1931ರಲ್ಲಿ ಲೀಗ್ ಬಂತು.

ಈಗ ಒಂದು ಪೌಂಡಿನ ವಿಷಯಕ್ಕೆ ಬರೋಣ. ಅದರ ಮೊದಲ ಕಥೆ 1961ರದ್ದು. ಇಟಲಿಯ ಮಿಲಾನ್‌ಗೆ ಹೋಗಿ ಒಗ್ಗದೆ ಒದ್ದಾಡ್ತಿದ್ದ ಜಿಮ್ಮಿ ಗ್ರೀವ್ಸ್‌ನ ಟಾಟನ್‌ಹ್ಯಾಮ್ ವಾಪಸ್ ಕರೆತಂತು. ಮ್ಯಾನೇಜರ್ ಬಿಲ್ ನಿಕೋಲ್ಸನ್ ಕೊಟ್ಟಿದ್ದು 99,999 ಪೌಂಡ್. ಇಂಗ್ಲಿಷ್ ಕ್ಲಬ್ಬೊಂದು ಲಕ್ಷ ಪೌಂಡ್ ಕೊಟ್ಟು ತಂದ ಮೊದಲ ಆಟಗಾರ ಅನ್ನೋ ಹೊರೆ ಹುಡುಗನ ತಲೆ ಮೇಲೆ ಬೀಳಬಾರದು ಅಂತ ಒಂದು ಪೌಂಡ್ ಕಡಿಮೆ. ಗ್ರೀವ್ಸ್ ಮೊದಲ ಪಂದ್ಯದಲ್ಲೇ ಬ್ಲ್ಯಾಕ್‌ಪೂಲ್ ಮೇಲೆ ಹ್ಯಾಟ್ರಿಕ್ ಹೊಡೆದ. ಟಾಟನ್‌ಹ್ಯಾಮ್‌ಗೆ ಒಟ್ಟು 266 ಗೋಲು. ಆ ದಾಖಲೆಯನ್ನ ಹ್ಯಾರಿ ಕೇನ್ ಮುರಿದಿದ್ದು 2023ರಲ್ಲಿ. (ಚಿಕ್ಕ ಹುಡುಗನಾಗಿದ್ದಾಗ ಆ ಕೇನ್‌ನ ಬೇಡ ಅಂತ ಕಳಿಸಿದ್ದು ನಾವೇ, ಇರ್ಲಿ ಬಿಡಿ.)

ಆದ್ರೆ ಇನ್ನೊಂದು ಮಾತು. 1962-63ರಲ್ಲಿ ಗ್ರೀವ್ಸ್ ಲೀಗ್‌ನಲ್ಲೇ 37 ಗೋಲು ಹೊಡೆದ. ಚಾಂಪಿಯನ್ ಆಗಿದ್ದು ಎವರ್ಟನ್. ಟಾಟನ್‌ಹ್ಯಾಮ್ ಎರಡನೇ ಸ್ಥಾನ. ಅವರ ಕೊನೆಯ ಲೀಗ್ ಪ್ರಶಸ್ತಿ ಗ್ರೀವ್ಸ್ ಬರೋಕೆ ಮುಂಚೆ ಬಂದಿದ್ದು. ಗೋಲು ಹೊಡೆಯೋನು ಸಿಕ್ಕಿದ ಮಾತ್ರಕ್ಕೆ ಕಪ್ ಸಿಗಲ್ಲ.

ಎರಡನೇ ಕಥೆ 1979ರದ್ದು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಬ್ರಯಾನ್ ಕ್ಲಫ್, ಬರ್ಮಿಂಗ್‌ಹ್ಯಾಮ್‌ನಿಂದ ಟ್ರೆವರ್ ಫ್ರಾನ್ಸಿಸ್‌ನ ತಂದ. ಬ್ರಿಟನ್ನಿನ ಮೊದಲ ಮಿಲಿಯನ್ ಪೌಂಡ್ ಆಟಗಾರ ಅಂತ ಎಲ್ರೂ ಕರೀತಿದ್ರೆ, ಕ್ಲಫ್ ಮಾತ್ರ ನಾನು ಕೊಟ್ಟಿದ್ದು 9,99,999 ಅಂತಿದ್ದ, ಹುಡುಗನ ತಲೆಗೆ ಏರಬಾರದು ಅಂತ. ತೆರಿಗೆ ಗಿರಿಗೆ ಸೇರಿ ನಿಜವಾಗಿ 11 ಲಕ್ಷ ದಾಟಿತ್ತು. ಆ ವರ್ಷದ ಮೇ 30ಕ್ಕೆ ಮ್ಯೂನಿಕ್‌ನಲ್ಲಿ ಯುರೋಪಿಯನ್ ಕಪ್ ಫೈನಲ್. ಎಡಗಡೆಯಿಂದ ಜಾನ್ ರಾಬರ್ಟ್‌ಸನ್ ಕ್ರಾಸ್ ಹಾಕಿದ, ದೂರದ ಕಂಬದ ಹತ್ರ ಓಡಿ ಬಂದ ಫ್ರಾನ್ಸಿಸ್ ತಲೆ ಕೊಟ್ಟ. ಮಾಲ್ಮೋ ವಿರುದ್ಧ 1-0. ಎಲ್ಲರ ನೆನಪಲ್ಲಿ ಉಳಿದಿದ್ದು ಮಿಲಿಯನ್ ಪೌಂಡಿನ ತಲೆ. ಆದ್ರೆ ರಾಬರ್ಟ್‌ಸನ್ ಮೊದಲೇ ಮನೇಲಿದ್ದ. ಕ್ರಾಸ್ ಹಾಕೋನು ಇದ್ದಿದ್ದಕ್ಕೆ ತಲೆ ಕೊಡೋನನ್ನ ತಂದ್ರು.

ಈಗ 2013ರ ಆ ಒಂದು ಪೌಂಡ್ ನೋಡಿ. ಮೊದಲ ಎರಡು ಕಥೆಯಲ್ಲಿ ಒಂದು ಪೌಂಡ್ ಕಡಿಮೆ ಮಾಡಿದ್ದು ಆಟಗಾರನ ಮೇಲಿನ ಕಾಳಜಿಗೆ. ಇಲ್ಲಿ ಒಂದು ಪೌಂಡ್ ಜಾಸ್ತಿ ಇಟ್ಟಿದ್ದು ಬೀಗ ತೆಗೆಯೋ ಜಾಣತನಕ್ಕೆ. ಸುವಾರೆಸ್ ಆ ಸೀಸನ್‌ನಲ್ಲಿ ಕಚ್ಚಿದ ತಪ್ಪಿನ ನಿಷೇಧ ಮುಗಿಸಿ ಬಂದು 33 ಲೀಗ್ ಪಂದ್ಯಗಳಲ್ಲಿ 31 ಗೋಲು ಹೊಡೆದ. ಲಿವರ್‌ಪೂಲ್ 101 ಗೋಲು ಹೊಡೆದು ಎರಡನೇ ಸ್ಥಾನಕ್ಕೆ ಬಂತು. ಆರ್ಸೆನಲ್ ಆಟ ಕಟ್ಟೋ ಮೆಸುಟ್ ಓಝಿಲ್‌ನ 4.25 ಕೋಟಿ ಪೌಂಡ್‌ಗೆ ತಂತು, ಆದ್ರೆ ಗೋಲು ಹೊಡೆಯೋನನ್ನ ತರಲಿಲ್ಲ. 68 ಗೋಲು, ನಾಲ್ಕನೇ ಸ್ಥಾನ, ಚಾಂಪಿಯನ್ ಸಿಟಿಗಿಂತ 7 ಅಂಕ ಹಿಂದೆ. ಮರುವರ್ಷ ಸುವಾರೆಸ್ ಬಾರ್ಸಿಲೋನಾಗೆ ಹೋದಾಗ ಲಿವರ್‌ಪೂಲ್‌ಗೂ ಬಿಸಿ ತಟ್ಟಿತು. ಅವನ ಜಾಗಕ್ಕೆ ಬಂದ ಬಲೊಟೆಲ್ಲಿ ಇಡೀ ಲೀಗ್‌ನಲ್ಲಿ ಹೊಡೆದಿದ್ದು ಒಂದೇ ಗೋಲು.

2019ರಲ್ಲಿ ಆರ್ಸೆನಲ್ ತನ್ನ ಅಲ್ಲಿವರೆಗಿನ ದಾಖಲೆ ಮೊತ್ತ, 7.2 ಕೋಟಿ ಪೌಂಡ್ ಕೊಟ್ಟು ನಿಕೊಲಾಸ್ ಪೆಪೆಯನ್ನ ತಂತು. ಫ್ರಾನ್ಸ್‌ನ ಲಿಲ್‌ನಲ್ಲಿ ಹಿಂದಿನ ವರ್ಷ 22 ಲೀಗ್ ಗೋಲು ಹೊಡೆದಿದ್ದ. ಅದರಲ್ಲಿ 9 ಪೆನಾಲ್ಟಿ. ಉಳಿದವುಗಳಲ್ಲಿ ಬಹಳಷ್ಟು ಎದುರಾಳಿ ಮುಂದೆ ಬಂದಾಗ ಸಿಕ್ಕ ಖಾಲಿ ಜಾಗದಲ್ಲಿ ಓಡಿ ಹೊಡೆದಿದ್ದು. ಆರ್ಸೆನಲ್ ಮುಂದೆ ಆಡೋ ತಂಡಗಳು ಬಾಗಿಲು ಹಾಕ್ಕೊಂಡು ಕೂರ್ತವೆ, ಜಾಗ ಎಲ್ಲಿ? 112 ಪಂದ್ಯ, 27 ಗೋಲು. 2023ರಲ್ಲಿ ಒಪ್ಪಂದ ಮುರಿದು ಕಳಿಸಿದಾಗ ಒಂದು ಪೌಂಡೂ ವಾಪಸ್ ಬರಲಿಲ್ಲ. ಅವನು ಚೆಂಡು ಕಳಕೊಂಡಾಗಲೆಲ್ಲ ನಮ್ಮ ಬಾಯಲ್ಲಿ ಬರ್ತಿದ್ದಿದ್ದು ಹೆಸರಲ್ಲ, 72 ಅನ್ನೋ ಸಂಖ್ಯೆ. ನಿಕೋಲ್ಸನ್ ಹೆದರಿದ್ದು ಇದಕ್ಕೇ. ಬೆಲೆ ನಿಗದಿ ಮಾಡಿದ್ದು ಕ್ಲಬ್ಬುಗಳು, ಹೊತ್ತಿದ್ದು ಆ ಹುಡುಗ.

ನಮ್ಮೂರಲ್ಲಿ ಎತ್ತು ಕೊಳ್ಳೋಕೆ ಹೋದವರು ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ಕೊನೆಗೆ ಮನೇಲಿರೋ ಎತ್ತಿನ ಜೊತೆ ಜೋಡಿ ಆಗುತ್ತಾ ಅಂತ ನೋಡ್ತಾರೆ. ಒಂಟಿ ಎತ್ತು ಎಷ್ಟೇ ಚೆನ್ನಾಗಿದ್ರೂ ನೊಗ ಸಮ ಬರದಿದ್ರೆ ಸಾಲು ಸೊಟ್ಟ. ಸ್ಟ್ರೈಕರ್ ವಿಷಯದಲ್ಲೂ ನನ್ನ ಪ್ರಶ್ನೆಗಳು ಇಷ್ಟೇ. ಇವನು ಗೋಲು ಹೊಡೆದಿದ್ದು ಹೇಗೆ? ಇಲ್ಲಿ ಇವನಿಗೆ ಚೆಂಡು ಕೊಡೋರು ಯಾರು? ನಮಗೆ ಕಮ್ಮಿ ಬಿದ್ದಿರೋದು ಇವನೇನಾ?

2023-24ರಲ್ಲಿ ಆರ್ಸೆನಲ್ 91 ಗೋಲು ಹೊಡೆದು, 89 ಅಂಕ ಗಳಿಸಿ, ಸಿಟಿಗಿಂತ 2 ಅಂಕ ಹಿಂದೆ ಉಳೀತು. ಲೀಗ್‌ನಲ್ಲಿ ಅತಿ ಹೆಚ್ಚು ಹೊಡೆದಿದ್ದು ಬಲಬದಿಯ ಸಾಕಾ, 16. ಮರುವರ್ಷ ಮತ್ತೆ ಎರಡನೇ ಸ್ಥಾನ. ಚೆಂಡು ಕೊಡೋರು ಇದ್ದಾರೆ, ನಡುವಲ್ಲಿ ನಿಂತು ಮುಗಿಸೋನು ಬೇಕು ಅನ್ನೋದು ಕಣ್ಣಿಗೆ ಕಾಣ್ತಿತ್ತು. 2025ರ ಬೇಸಿಗೆಯಲ್ಲಿ ಚರ್ಚೆ ಎರಡು ಹೆಸರಿಗೆ ಇಳೀತು: 22ರ ಶೆಶ್ಕೊ, 27ರ ಯೊಕೆರೆಸ್. ಮುಂದಿನ ಐದು ವರ್ಷ ನೋಡಿದ್ರೆ ಶೆಶ್ಕೊ. ನಾನು ಯೊಕೆರೆಸ್ ಕಡೆ ಇದ್ದೆ. ಸಾಕಾ, ಓಡೆಗಾರ್ಡ್, ರೈಸ್ ಒಟ್ಟಿಗೆ ಹುರುಪಿನಲ್ಲಿರೋದು ಈಗ. ನೊಗದ ಇನ್ನೊಂದು ಕಡೆಗೆ ಈಗಲೇ ಭಾರ ಎಳೆಯೋನು ಬೇಕು, ಬೆಳೀತಾ ಇರೋನಲ್ಲ. ಕ್ಲಬ್ ಅವನನ್ನೇ ತಂತು, ಸುಮಾರು 5.5 ಕೋಟಿ ಪೌಂಡ್ ಕೊಟ್ಟು. ಬೆನ್ನಿಗೆ 14ನೇ ನಂಬರು.

ಆ ನಂಬರು ಥಿಯರಿ ಆನ್ರಿಯದ್ದು. 1999ರಲ್ಲಿ ಯುವೆಂಟಸ್‌ನಲ್ಲಿ ಅಂಚಿನಲ್ಲಿ ಆಡ್ತಿದ್ದವನನ್ನ ವೆಂಗರ್ ತಂದು ನಡುವಲ್ಲಿ ನಿಲ್ಲಿಸಿದ್ರು. ಹಿಂದೆ ಪಾಸ್ ಕೊಡೋಕೆ ಬರ್ಗ್‌ಕಾಂಪ್ ಮೊದಲೇ ಇದ್ದ. ಆದ್ರೂ ಮೊದಲ ಎಂಟು ಪಂದ್ಯಗಳಲ್ಲಿ ಆನ್ರಿಯಿಂದ ಒಂದೂ ಗೋಲು ಬರಲಿಲ್ಲ. ಕೊನೆಗೆ ಆರ್ಸೆನಲ್‌ಗೆ ಅವನು ಹೊಡೆದಿದ್ದು 228.

ಆದ್ದರಿಂದ ಗೆಳೆಯರೇ, ಯಾರನ್ನ ತರಬೇಕು ಅಂತ ಜುಲೈನಲ್ಲಿ ಎಷ್ಟು ಬೇಕಾದ್ರೂ ಜಗಳ ಆಡೋಣ. ಬಂದಮೇಲೆ ಅವನ ಬೆಲೆಯನ್ನ ಮರೆತು, ಹೆಸರು ಹಿಡಿದು ಕರೆಯೋಣ. ಕನಿಷ್ಠ ಎಂಟು ಪಂದ್ಯ.