ಮನೆಗೆಲಸದಿಂದ ಮಂತ್ರಿಮಂಡಲಕ್ಕೆ: ಮೀನಾ ಸಿಲ್ಲನ್‌ಪ್ಯಾ



ಪ್ರತಿ ವರ್ಷ ಅಕ್ಟೋಬರ್ 1ರಂದು ಫಿನ್‌ಲ್ಯಾಂಡ್ ದೇಶದಲ್ಲಿ ಒಬ್ಬ ಹೆಣ್ಣುಮಗಳ ನೆನಪಿಗೆ ರಾಷ್ಟ್ರಧ್ವಜ ಹಾರಿಸ್ತಾರೆ. ಅವರು ರಾಣಿ ಅಲ್ಲ, ಜಮೀನ್ದಾರರ ಮಗಳೂ ಅಲ್ಲ. ಕಂಡವರ ಮನೆಯಲ್ಲಿ ಕೆಲಸಕ್ಕಿದ್ದವರು. ಹೆಸರು ಮೀನಾ ಸಿಲ್ಲನ್‌ಪ್ಯಾ.

ಮೀನಾ ಹುಟ್ಟಿದ್ದು 1866ರಲ್ಲಿ, ಬೇರೆಯವರ ಭೂಮಿಯನ್ನು ಗೇಣಿಗೆ ಉಳುತ್ತಿದ್ದ ಬಡ ಕುಟುಂಬದಲ್ಲಿ. ಅದು ಅಲ್ಲಿನ ಭೀಕರ ಬರಗಾಲದ ಕಾಲ. 12ನೇ ವಯಸ್ಸಿಗೇ ಫೋರ್ಸಾ ಊರಿನ ಹತ್ತಿ ಗಿರಣಿಯಲ್ಲಿ ಕೂಲಿ. ಆಮೇಲೆ ಮೊಳೆ ಕಾರ್ಖಾನೆ. ಅದಾದ ಮೇಲೆ ಮನೆಗೆಲಸ.

ಆಗ ಆಳುಗಳಿಗೆ ಅಂತಲೇ 1865ರ ಒಂದು ಕಾಯಿದೆ ಇತ್ತು. ಆಳು ಯಜಮಾನನ ಮನೆಯ ಹಿಡಿತದೊಳಗೇ ಇರಬೇಕು, ಒಪ್ಪಿಕೊಂಡ ವರ್ಷ ಮುಗಿಯೋವರೆಗೂ ಬಿಟ್ಟು ಹೋಗೋ ಹಾಗಿಲ್ಲ. ಕೆಲಸ ಹೋದರೆ ಬರೀ ಸಂಬಳ ಹೋಗಲ್ಲ, ತಲೆ ಮೇಲಿನ ಸೂರೂ ಹೋಗುತ್ತೆ.

ಮೀನಾ ಭಾಷಣದಿಂದ ಶುರು ಮಾಡಲಿಲ್ಲ, ಸಂಘಟನೆಯಿಂದ ಶುರು ಮಾಡಿದರು. 1898ರಲ್ಲಿ ಹೆಲ್ಸಿಂಕಿಯಲ್ಲಿ ಮನೆಗೆಲಸದವರ ಸಂಘ ಹುಟ್ಟಿತು. ಅದನ್ನು ಕಟ್ಟಿ ಮುನ್ನಡೆಸಿದವರಲ್ಲಿ ಮೀನಾ ಮುಖ್ಯರು. ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗೆ ತಂಗೋ ಜಾಗ, ಕೆಲಸ ಹುಡುಕಿಕೊಡೋ ಕಚೇರಿ, ಇವನ್ನೆಲ್ಲ ಮೀನಾ ನೋಡಿಕೊಂಡರು. ಮನೆಗೆಲಸದವರಿಗಾಗಿಯೇ ಪತ್ರಿಕೆಯನ್ನೂ ನಡೆಸಿದರು.

1905ರ ಸಾರ್ವತ್ರಿಕ ಮುಷ್ಕರದ ಒತ್ತಡದಿಂದಾಗಿ 1906ರಲ್ಲಿ ಫಿನ್‌ಲ್ಯಾಂಡಿನ ಹೆಂಗಸರಿಗೆ ಮತ ಹಾಕುವ ಹಕ್ಕು, ಚುನಾವಣೆಗೆ ನಿಲ್ಲುವ ಹಕ್ಕು ಎರಡೂ ಸಿಕ್ಕವು. ಆಗಿನ್ನೂ ಆ ದೇಶ ರಷ್ಯಾದ ಚಕ್ರವರ್ತಿಯ ಕೆಳಗಿತ್ತು. 1907ರ ಚುನಾವಣೆಯಲ್ಲಿ 200 ಸ್ಥಾನಗಳಲ್ಲಿ 19 ಹೆಂಗಸರು ಗೆದ್ದರು. ಜಗತ್ತಿನ ಮೊದಲ ಸಂಸದೆಯರು ಇವರೇ. ಅವರಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಮೀನಾ ಕೂಡ ಒಬ್ಬರು.

ಇಲ್ಲಿಗೆ ಕತೆ ಸುಖಾಂತ್ಯ ಅಂದುಕೊಂಡ್ರೆ ತಪ್ಪು. ಮನೆಗೆಲಸದವರೇ ಸಂಸತ್ತಿಗೆ ಬಂದರೂ ಆ 1865ರ ಕಾಯಿದೆ ರದ್ದಾಗಿದ್ದು 1922ರಲ್ಲಿ! ಭರ್ತಿ 15 ವರ್ಷ. ಒಂದು ಕುರ್ಚಿ ಸಿಕ್ಕಿದ ತಕ್ಷಣ ಎಲ್ಲಾ ಬದಲಾಗಲ್ಲ. ಆದರೆ ಆ ಕುರ್ಚಿಯಲ್ಲಿ ಕೂತವರು ತಾವು ಬಂದ ಅಡುಗೆಮನೆಯನ್ನು ಮರೆಯಬಾರದು. ಮೀನಾ ಮರೆಯಲಿಲ್ಲ.

1926ರ ಡಿಸೆಂಬರ್‌ನಲ್ಲಿ, 60ನೇ ವಯಸ್ಸಿನಲ್ಲಿ, ವೈನೊ ಟ್ಯಾನ್ನರ್ ಸರ್ಕಾರದಲ್ಲಿ ಸಾಮಾಜಿಕ ವ್ಯವಹಾರಗಳ ಖಾತೆಗೆ ಬಂದರು. ಫಿನ್‌ಲ್ಯಾಂಡಿನ ಮೊದಲ ಮಹಿಳಾ ಮಂತ್ರಿ. ಆ ಸರ್ಕಾರ ಬಾಳಿದ್ದು ಸುಮಾರು ಒಂದೇ ವರ್ಷ. ಅಧಿಕಾರ ಹೋಯ್ತು, ಕೆಲಸ ನಿಲ್ಲಲಿಲ್ಲ. ಮದುವೆಯಾಗದೆ ತಾಯಿಯಾದವರನ್ನು ಸಮಾಜ ಹೊರಗೆ ಹಾಕುತ್ತಿದ್ದಾಗ ಅಂಥ ತಾಯಿ ಮಕ್ಕಳಿಗೆ ಆಸರೆಯಾಗೋ ಮನೆಗಳಿಗಾಗಿ ದುಡಿದರು. ಆ ಮನೆಗಳ ಒಕ್ಕೂಟ 1945ರಲ್ಲಿ ಆಯಿತು. ನಡುನಡುವೆ ಬಿಟ್ಟರೂ 1947ರವರೆಗೆ ಸಂಸತ್ತಿನಲ್ಲಿದ್ದರು. 1952ರಲ್ಲಿ ತೀರಿಕೊಂಡರು.

ಈಗ ನಮ್ಮ ಮಾತು. ಮನೆಗೆಲಸದವರ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ 189ನೇ ಒಡಂಬಡಿಕೆ ತಂದಿತು. ಫಿನ್‌ಲ್ಯಾಂಡ್ ಅದನ್ನು ಅನುಮೋದಿಸಿದೆ, ಭಾರತ ಅನುಮೋದಿಸಿಲ್ಲ. ನಮ್ಮ ಅವ್ವ, ಅಕ್ಕ, ಚಿಕ್ಕಮ್ಮಂದಿರು ಬೆಳಗಾಗೋ ಮೊದಲೇ ಬಸ್ ಹತ್ತಿ ಯಾರದೋ ಮನೆ ಪಾತ್ರೆ ತೊಳೆಯೋಕೆ ಹೋಗ್ತಾರೆ. ಅವರಿಗೆ ಕುಡಿಯೋಕೆ ಬೇರೆ ಲೋಟ.

ಬಾಬಾಸಾಹೇಬರು ಹೇಳಿದ ಮೂರು ಮಾತಿನಲ್ಲಿ ಸಂಘಟನೆಯೂ ಒಂದು. ಮೀನಾಗೆ ಸಂಸತ್ತಿನ ಬಾಗಿಲು ತೆರೆದದ್ದು 1907ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ ಸಂಘ ಇತ್ತು. ನಿಮ್ಮ ಬೀದಿಯಲ್ಲಿ ಮನೆಗೆಲಸದವರ ಸಂಘ ಇದೆಯಾ? ಇಲ್ಲ ಅಂದ್ರೆ ಈ ಭಾನುವಾರ ನಾಲ್ಕು ಜನರನ್ನು ಕೂರಿಸಿ ಮಾತಾಡಿ.