ಕಿಲ್ಲಾರಿ ಭೂಕಂಪ: ಹೈದರಾಬಾದ್ ಸೀಮೆಯ ನಂಟು ಮತ್ತು ನೆನಪು

ಹೈದರಾಬಾದ್ ನಗರದ ಚರಿತ್ರೆಯಲ್ಲಿ ಮಹಾವಿಪತ್ತು ಎಂದೊಡನೆ ನೆನಪಾಗುವುದು 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹ. ಅಂದು ಹುಣಸೆಮರವೊಂದನ್ನೇರಿ ಸುಮಾರು 150 ಮಂದಿ ಬದುಕಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಆ ಮರವನ್ನು ನಗರ ಇಂದಿಗೂ ಮರೆತಿಲ್ಲ. ತಾಯಿ, ಮಡದಿ, ಮಗಳನ್ನು ನೀರಿಗೆ ಕಳೆದುಕೊಂಡ ಉರ್ದು ಕವಿ ಅಮ್ಜದ್ ಹೈದರಾಬಾದಿ ತಮ್ಮ ದುಃಖವನ್ನು ಕಾವ್ಯವಾಗಿಸಿದರು. ಎಂ. ವಿಶ್ವೇಶ್ವರಯ್ಯನವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣಗೊಂಡವು. ಹೀಗೆ ಆ ವಿಪತ್ತಿಗೆ ಮರ, ಕಾವ್ಯ, ಜಲಾಶಯ ಮೂರೂ ಸಾಕ್ಷಿಯಾಗಿವೆ. ಆದರೆ ಈ ನಗರದ ಅನೇಕ ಕನ್ನಡ ಮನೆಗಳನ್ನು ತಟ್ಟಿದ ಇನ್ನೊಂದು ವಿಪತ್ತಿಗೆ ಇಲ್ಲಿ ಅಂತಹ ಸಾಕ್ಷಿಗಳಿಲ್ಲ. ಅದು 1993ರ ಕಿಲ್ಲಾರಿ ಭೂಕಂಪ.

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು, ದಣಿದು ಮಲಗಿದ್ದ ಹಳ್ಳಿಗಳ ಮೇಲೆ ಮರುದಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ಮನೆಗಳು ಕುಸಿದವು. ಕಂಪನದ ಪ್ರಮಾಣ 6.2. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರದ ನಡುವೆ ಎಂಬುದು ಬೇರೆ ಬೇರೆ ಲೆಕ್ಕಗಳಿಂದ ತಿಳಿದುಬರುತ್ತದೆ. ಇನ್ನೂರು ಕಿಲೋಮೀಟರಿಗೂ ದೂರದ ಹೈದರಾಬಾದಿನಲ್ಲಿಯೂ ನೆಲ ನಡುಗಿತು. ದಖ್ಖನ್ನಿನ ಗಟ್ಟಿ ನೆಲ ಅಲುಗದು ಎಂಬ ಬಹುಕಾಲದ ನಂಬಿಕೆ ಅಂದು ಸಡಿಲಿತು. ಈ ನಗರದ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯು ಕಿಲ್ಲಾರಿಯಲ್ಲಿ ನೆಲ ಕೊರೆದು, ಅದರ ಒಳರಚನೆಯನ್ನು ಪರಿಶೀಲಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಜನರನ್ನು ಕೊಂದದ್ದು ನೆಲವಲ್ಲ, ಮನೆ. ಮಣ್ಣಿನ ಗಾರೆಯಲ್ಲಿ ಕಾಡುಗಲ್ಲು ಕೂಡಿಸಿ ಎಬ್ಬಿಸಿದ ಎರಡು ಮೂರು ಅಡಿ ದಪ್ಪದ ಗೋಡೆ, ಮೇಲೆ ತೊಲೆ ಜಂತಿಗಳು, ಅವುಗಳ ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಹಾಕುತ್ತ ಬಂದ ಹೊಸ ಮಣ್ಣು ತಲೆಮಾರುಗಳಲ್ಲಿ ಭಾರವಾಗಿ ಬೆಳೆದಿತ್ತು. ಬಿಸಿಲಿಗೆ ತಂಪು, ಕಳ್ಳರಿಗೆ ಅಡ್ಡಿ, ಮನೆತನಕ್ಕೆ ಗೌರವ ಎನಿಸಿದ್ದ ಗೋಡೆಯೇ ಮೃತ್ಯುವಾಯಿತು. ಹುಲ್ಲಿನ ಗುಡಿಸಲಲ್ಲಿ ಮಲಗಿದ್ದ ಬಡವರು ಎಷ್ಟೋ ಕಡೆ ಉಳಿದರು. 1992ರ ಅಕ್ಟೋಬರಿನಿಂದಲೇ ಅಲ್ಲಿ ಸಣ್ಣ ಕಂಪನಗಳು ಕಾಣಿಸಿಕೊಂಡಿದ್ದವೆಂಬುದನ್ನೂ ಮರೆಯುವಂತಿಲ್ಲ.

ಈ ಪ್ರದೇಶ ಕನ್ನಡಕ್ಕೆ ಹೊರಗಿನದಲ್ಲ. 'ಕವಿರಾಜಮಾರ್ಗ'ವು ಹೇಳುವ ಕಾವೇರಿ ಗೋದಾವರಿಗಳ ನಡುವಣ ನಾಡಿನಲ್ಲಿಯೇ ಇದಿದೆ. ರಾಷ್ಟ್ರಕೂಟರ ಬಿರುದಿನಲ್ಲಿ ಬರುವ ಲಟ್ಟಲೂರು ಇಂದಿನ ಲಾತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶರಣರ ಕಲ್ಯಾಣಕ್ಕೂ ಕಿಲ್ಲಾರಿಗೂ ನೇರ ಅಂತರ ಐವತ್ತು ಕಿಲೋಮೀಟರಿನೊಳಗೆ. 1956ರ ನವೆಂಬರ್ 1ರವರೆಗೆ ಉಸ್ಮಾನಾಬಾದ್, ಬೀದರ್, ಗುಲ್ಬರ್ಗಾ ಜಿಲ್ಲೆಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಂದು ನಿಲಂಗಾ, ಉದಗೀರ್, ಅಹಮದಪುರ ತಾಲ್ಲೂಕುಗಳು ಬೀದರಿನಿಂದ ಬೇರ್ಪಟ್ಟು ಉಸ್ಮಾನಾಬಾದಿಗೆ ಸೇರಿದವು. ನಕ್ಷೆ ಬದಲಾದರೂ ಹೆಣ್ಣು ಕೊಟ್ಟು ತರುವ ವಾಡಿಕೆ ಬದಲಾಗಲಿಲ್ಲ. ಉಮರ್ಗಾ, ನಿಲಂಗಾಗಳ ಮನೆಗಳಿಗೆ ಆಳಂದ, ಬಸವಕಲ್ಯಾಣ, ಭಾಲ್ಕಿಗಳಲ್ಲಿ ಬೀಗರು. ಆ ಬೀಗರ ಮಕ್ಕಳು ಓದಿಗೆ, ನೌಕರಿಗೆ ಹೈದರಾಬಾದಿನಲ್ಲಿ.

ಆ ದಿನಗಳಲ್ಲಿ ಈ ಲೇಖಕನು ಹೈದರಾಬಾದಿನ ವಿದ್ಯಾರ್ಥಿನಿಲಯದಲ್ಲಿದ್ದನು. ಆಳಂದದ ಕಡೆಯ ಸಹಪಾಠಿಯೊಬ್ಬರ ಅಕ್ಕನನ್ನು ಕಿಲ್ಲಾರಿಯ ಸಮೀಪದ ಹಳ್ಳಿಗೆ ಕೊಟ್ಟಿತ್ತು. ಆಕಾಶವಾಣಿಯಲ್ಲಿ ಸುದ್ದಿ ಕೇಳಿ ಹೊರಟವರು ಊರು ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ, ಕುಸಿದ ಮಾಳಿಗೆಗಳ ತೊಲೆಗಳನ್ನೇ ಸೌದೆಯಾಗಿಸಿ ಸಾಮೂಹಿಕ ದಹನ ನಡೆದುಹೋಗಿತ್ತು. ಅವರದು ಸತ್ತವರನ್ನು ಹೂಳುವ ಮನೆತನ. "ಮಣ್ಣು ಕೊಡ್ಲಾಕ ಹೋಗಿದ್ದೆ, ಬೂದಿ ನೋಡಿ ಬಂದೆ" ಎಂದಷ್ಟೇ ಹೇಳಿದರು. ಕಡೆಯ ಸಲ ಮುಖ ನೋಡದ, ಹಿಡಿ ಮಣ್ಣು ಹಾಕದ ಸಾವು ನಂಟರ ಪಾಲಿಗೆ ಮುಗಿಯದ ಸಾವು. ಪರಿಹಾರದ ಪಟ್ಟಿಯು ಜಿಲ್ಲೆಯ ಎಲ್ಲೆಗೆ ನಿಲ್ಲುತ್ತದೆ. ಸೂತಕ ಅಲ್ಲಿ ನಿಲ್ಲಲಿಲ್ಲ.

ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಬೇರೆಡೆ ಕಟ್ಟಲಾಯಿತು. ಜಮೀನಿನ ಪ್ರಮಾಣಕ್ಕನುಗುಣವಾಗಿ 250, 400, 750 ಚದರ ಅಡಿಗಳ ಮನೆಗಳು, ನೇರವಾದ ಅಗಲ ರಸ್ತೆಗಳು. ಸುರಕ್ಷತೆಯ ದೃಷ್ಟಿಯಿಂದ ಇದು ಅಗತ್ಯವಾಗಿತ್ತು. ಆದರೆ ಹಳೆಯ ಓಣಿ ಒಂದು ದಾರಿ ಮಾತ್ರವಲ್ಲ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಅದು ತಿಳಿಸುತ್ತಿತ್ತು. ತವರಿಗೆ ಬಂದ ಮಗಳಿಗೆ ಹೊಸ ಊರಿನಲ್ಲಿ ಆ ಗುರುತುಗಳು ಸಿಗಲಿಲ್ಲ.

ನಮ್ಮ ಮಧ್ಯಯುಗದ ಸ್ಮಾರಕಶಿಲೆಗಳು ಸಾವಿನ ಕಾರಣವನ್ನು ಸ್ಪಷ್ಟವಾಗಿ ಗುರುತಿಸುತ್ತವೆ: ಕಾದಿ ಮಡಿದವನಿಗೆ ವೀರಗಲ್ಲು, ವ್ರತದಿಂದ ದೇಹ ತೊರೆದವರಿಗೆ ನಿಸಿದಿಗಲ್ಲು, ಸಹಗಮನಕ್ಕೆ ಮಾಸ್ತಿಗಲ್ಲು. ನಿದ್ದೆಯಲ್ಲಿ, ತಮ್ಮದೇ ಗೋಡೆಯ ಕೆಳಗೆ ಸತ್ತವರಿಗೆ ಆ ಪರಂಪರೆಯಲ್ಲಿ ಹೆಸರಿಟ್ಟ ಕಲ್ಲಿಲ್ಲ. ಅವರ ಶಾಸನ ಇರುವುದು ನಂಟರ ಮಾತಿನಲ್ಲಿ. ಅಂದು ಇಪ್ಪತ್ತರಲ್ಲಿದ್ದವರು ಇಂದು ಐವತ್ತು ದಾಟಿದ್ದಾರೆ. ಐವತ್ತರಲ್ಲಿದ್ದವರಲ್ಲಿ ಉಳಿದವರು ವಿರಳ. ಆಳಂದ, ಭಾಲ್ಕಿ, ಹೈದರಾಬಾದುಗಳಲ್ಲಿರುವ ಆ ಹೆಣ್ಣುಮಕ್ಕಳ, ಸೋದರರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸುವುದು ಗಡಿಯಾಚೆಯ ಕನ್ನಡ ಸಂಶೋಧಕರ ಮುಂದಿರುವ, ಮುಂದೂಡಲಾಗದ ಕೆಲಸ.