ಗಡಿನಾಡಿನ ವಂಶಾವಳಿಗಳು ಮತ್ತು ಮನೆತನದ ಕ್ಯಾನ್ಸರ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳನ್ನೊಳಗೊಂಡ ಕೃಷ್ಣಾ-ದೂಧಗಂಗಾ ಸೀಮೆಯಲ್ಲಿ ಮನೆತನದ ನೆನಪನ್ನು ಕಾಯ್ದಿಡುವ ಕೆಲಸಕ್ಕೆ ದೀರ್ಘವಾದ ಇತಿಹಾಸವಿದೆ. ಯಾವ ಮನೆತನ ಯಾವ ಊರಿನಿಂದ ಬಂದು ನೆಲೆಸಿತು, ಅದರ ಬೆಡಗು ಯಾವುದು, ಮೂಲಪುರುಷನಿಂದ ಇಂದಿನವರೆಗೆ ಅದು ಎಷ್ಟು ಕವಲೊಡೆಯಿತು, ಜಮೀನು ಯಾರ ಪಾಲಿಗೆ ಹೋಯಿತು ಎಂಬುದನ್ನು ಹೆಳವರ ಬಾಯಿ, ವತನದ ಕಾಗದ ಮತ್ತು ಕಂದಾಯ ಇಲಾಖೆಯ ದಫ್ತರ ತಮ್ಮ ತಮ್ಮ ರೀತಿಯಲ್ಲಿ ಉಳಿಸಿಕೊಂಡು ಬಂದಿವೆ. ಆದರೆ ಆ ಮನೆತನದವರು ಯಾವ ವಯಸ್ಸಿನಲ್ಲಿ, ಯಾವ ರೋಗದಿಂದ ತೀರಿಕೊಂಡರು ಎಂಬುದನ್ನು ದಾಖಲಿಸುವುದು ಈ ಮೂರರಲ್ಲಿ ಯಾವುದರ ಉದ್ದೇಶವೂ ಆಗಿರಲಿಲ್ಲ. ಕ್ಯಾನ್ಸರಿಗೆ ಈಡಾಗುವ ಸಂಭವವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ವಂಶವಾಹಿ ದೋಷಗಳನ್ನು, ಎಂದರೆ ಹುಟ್ಟಿನಿಂದಲೇ ದೇಹದ ಪ್ರತಿಯೊಂದು ಕೋಶದಲ್ಲೂ ಇರುವ ಜೀನಿನ ಬದಲಾವಣೆಗಳನ್ನು, ಗುರುತಿಸುವ ವಿದ್ಯೆ ಹುಟ್ಟಿದ್ದೇ ವಂಶಾವಳಿಯಿಂದ. ಆದ್ದರಿಂದ ವಂಶಾವಳಿಗೆ ಬರವಿಲ್ಲದ ಈ ಸೀಮೆಯಲ್ಲಿ ಮನೆತನದ ಕ್ಯಾನ್ಸರ್ ಏಕೆ ಬಹುಕಾಲ ಕಣ್ಣಿಗೆ ಬೀಳದೆ ಉಳಿಯಿತು ಎಂಬುದು ವೈದ್ಯರಷ್ಟೇ ಸ್ಥಳೀಯ ಇತಿಹಾಸಕಾರರೂ ಕೇಳಬೇಕಾದ ಪ್ರಶ್ನೆಯಾಗಿದೆ.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೇರಿ, ಗಂಟೆ ಬಾರಿಸುತ್ತ ತಮ್ಮ ಒಕ್ಕಲು ಮನೆಗಳಿಗೆ ಬರುವ ಹೆಳವರು ಉತ್ತರ ಕರ್ನಾಟಕದ ವಂಶಚರಿತ್ರಕಾರರು. ಮನೆಯ ಹಿರಿಯರ ಹೆಸರುಗಳನ್ನು ಮೂಲಪುರುಷನಿಂದ ಆರಂಭಿಸಿ ಕ್ರಮವಾಗಿ ಹೊಗಳಿ ಹಾಡುವುದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುವುದು, ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ದನ, ಹಣ ಪಡೆಯುವುದು ಅವರ ಕಾಯಕ. ಪಾಲಿನ ವ್ಯಾಜ್ಯ ಎದ್ದಾಗ, ಸಂಬಂಧ ಬೆಳೆಸುವ ಮುನ್ನ ಬೆಡಗು ಕೂಡುತ್ತದೆಯೇ ಎಂಬ ಸಂಶಯ ಬಂದಾಗ ಹೆಳವರ ಮಾತಿಗೆ ಬೆಲೆಯಿತ್ತು. ಒಂದು ಮನೆತನದ ಹತ್ತಾರು ತಲೆಮಾರುಗಳನ್ನು ತಪ್ಪದೆ ನೆನಪಿಡುವ ಈ ಸಾಮರ್ಥ್ಯ ಯಾವ ವಿದ್ವಾಂಸನೂ ಗೌರವಿಸಬೇಕಾದದ್ದು. ಆದರೆ ಆ ಹಾಡಿನ ನಡಿಗೆ ಮುಖ್ಯವಾಗಿ ತಂದೆಯಿಂದ ಮಗನಿಗೆ ಸಾಗುವಂಥದ್ದು. ಮದುವೆಯಾಗಿ ಹೋದ ಮಗಳ ಸಂತತಿ ಬೇರೆ ಮನೆತನದ ಹಾಡಿಗೆ ಸೇರಿಹೋಗುತ್ತದೆ.

ಎರಡನೆಯ ಮೂಲವಾದ ವತನದ ಕಾಗದಗಳ ಸ್ವಭಾವವೂ ಇದೇ. ಮುಂಬಯಿ ಪ್ರಾಂತ್ಯದಲ್ಲಿ 1874ರ ವಂಶಪಾರಂಪರ್ಯ ಅಧಿಕಾರಗಳ ಕಾಯಿದೆ ಜಾರಿಯಾದ ಮೇಲೆ ಪಾಟೀಲ, ಕುಲಕರ್ಣಿ ಮೊದಲಾದ ವತನದಾರ ಮನೆತನಗಳು ತಮ್ಮ ಹಕ್ಕನ್ನು ಸ್ಥಾಪಿಸಲು ವಂಶಾವಳಿ ಸಲ್ಲಿಸಬೇಕಾಯಿತು, ಮತ್ತು ಆ ವಂಶಾವಳಿಯಲ್ಲಿ ಸರಕಾರಕ್ಕೆ ಬೇಕಾಗಿದ್ದದ್ದು ವಾರಸುದಾರ ಯಾರು ಎಂಬುದಷ್ಟೇ. ಸಾವಿನ ಕಾರಣ ಬರೆಯುವ ಕೆಲಸ ಬೇರೆಯೇ ವಹಿಗೆ ಸೇರಿತ್ತು. ವಸಾಹತುಕಾಲದ ಜನನ ಮರಣ ಲೆಕ್ಕದಲ್ಲಿ ಹಳ್ಳಿಯಿಂದ ಮೇಲೆ ಹೋಗುತ್ತಿದ್ದ ಸಾವುಗಳನ್ನು ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಅಪಘಾತ ಎಂಬ ಕೆಲವೇ ತಲೆಬರಹಗಳಲ್ಲಿ ಹಂಚಿ, ಉಳಿದದ್ದನ್ನೆಲ್ಲ 'ಇತರ ಕಾರಣಗಳು' ಎಂಬ ಸಾಲಿಗೆ ಹಾಕಲಾಗುತ್ತಿತ್ತು. ಎದೆಯಲ್ಲಿ ಗಂಟಾಗಿ ಹುಣ್ಣೊಡೆದು ಸತ್ತ ಹೆಣ್ಣುಮಗಳು ಆ ಕೊನೆಯ ಸಾಲಿಗೆ, ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಸತ್ತವಳು ಬಹುಶಃ ಹೊಟ್ಟೆಯ ಬೇನೆಯ ಸಾಲಿಗೆ ಸೇರಿರಬಹುದು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೂ ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೂ ಸೇರಿದ್ದರಿಂದ ಒಂದೇ ಬಳಗದ ಸಾವುಗಳು ಎರಡು ಸರಕಾರಗಳ ಲೆಕ್ಕಗಳಲ್ಲಿ ಹಂಚಿಹೋದವು. ವಂಶಾವಳಿ ಒಂದು ಕಡೆ, ಸಾವಿನ ವಹಿ ಮತ್ತೊಂದು ಕಡೆ ಉಳಿದು, ಇವೆರಡನ್ನೂ ಒಟ್ಟಿಗಿಟ್ಟು ಓದುವ ಪ್ರಮೇಯವೇ ಬರಲಿಲ್ಲ.

ಒಟ್ಟಿಗಿಟ್ಟು ಓದಿದರೆ ಏನು ಕಾಣುತ್ತದೆ ಎಂಬುದನ್ನು ಬೇರೆ ನಾಡುಗಳ ಚರಿತ್ರೆ ತೋರಿಸುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ 1866ರಲ್ಲಿ ತನ್ನ ಹೆಂಡತಿಯ ತವರುಮನೆತನದ ನಾಲ್ಕು ತಲೆಮಾರುಗಳ ವಿವರವನ್ನು ಪ್ರಕಟಿಸಿ, 24 ಹೆಣ್ಣುಮಕ್ಕಳಲ್ಲಿ 10 ಮಂದಿ ಸ್ತನ ಕ್ಯಾನ್ಸರಿನಿಂದ ಸತ್ತದ್ದನ್ನು ತೋರಿಸಿದನು. ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದ ಆಲ್ಡ್ರೆಡ್ ವಾರ್ಥಿನ್‌ಗೆ 1895ರಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ತನ್ನ ಬಳಗದ ಬಹುತೇಕರು ಕರುಳಿನ ಅಥವಾ ಗರ್ಭಕೋಶದ ರೋಗದಿಂದಲೇ ಸತ್ತಿದ್ದು ತನಗೂ ಅದೇ ಗತಿ ಎಂದು ಹೇಳಿದಳು. ಅವಳ ಮಾತು ನಿಜವಾಯಿತು, ಮತ್ತು ಅವಳ ಬಳಗದ ವಂಶಾವಳಿಯನ್ನು ವಾರ್ಥಿನ್ 1913ರಲ್ಲಿ ಪ್ರಕಟಿಸಿದನು. ಇಂಥ ಬಳಗಗಳನ್ನು 1960ರ ದಶಕದಿಂದ ಹೆನ್ರಿ ಲಿಂಚ್ ಬೆನ್ನುಹತ್ತಿದ್ದರಿಂದ ಕರುಳು ಮತ್ತು ಗರ್ಭಕೋಶಗಳ ವಂಶಾಗತ ಕ್ಯಾನ್ಸರಿಗೆ ಇಂದು ಲಿಂಚ್ ಲಕ್ಷಣಕೂಟ ಎಂಬ ಹೆಸರಿದೆ. ಗಮನಿಸಬೇಕಾದ ಸಂಗತಿಯೆಂದರೆ ಈ ಚರಿತ್ರೆಯ ಮೊದಲ ಸಾಕ್ಷಿಗಳು ಸೂಕ್ಷ್ಮದರ್ಶಕದಿಂದ ಬಂದವಲ್ಲ, ತಮ್ಮ ತಾಯಿ, ದೊಡ್ಡಮ್ಮ, ಅಜ್ಜಿಯರ ಸಾವನ್ನು ನೆನಪಿಟ್ಟ ಹೆಣ್ಣುಮಕ್ಕಳ ಬಾಯಿಂದ ಬಂದವು.

ಚಿಕ್ಕೋಡಿ ಸೀಮೆಯಲ್ಲಿ ಈ ಬಗೆಯ ಪ್ರಶ್ನೆ ಏಳದಂತೆ ತಡೆದ ದೊಡ್ಡ ಕಾರಣ ತಂಬಾಕು. ನಿಪ್ಪಾಣಿಯ ಸುತ್ತಣ ನೆಲ ಬೀಡಿ ತಂಬಾಕಿಗೆ ಹೆಸರಾದದ್ದು. ಅಲ್ಲಿನ ವಖಾರಿಗಳಲ್ಲಿ ಎಲೆಯನ್ನು ಬಡಿದು, ಜರಡಿ ಹಿಡಿದು, ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸವನ್ನು ಮಾಡಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬೆಲೆಗಾಗಿ 1981ರಲ್ಲಿ ರೈತರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ನಡೆಸಿದ ಚಳವಳಿ ಆ ವರ್ಷದ ಏಪ್ರಿಲ್‌ನಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡದ್ದು ನಾಡಿಗೆಲ್ಲ ಗೊತ್ತಿದೆ. ಅದೇ ಕಾಲದಲ್ಲಿ ವಖಾರಿಯ ಹೆಣ್ಣುಮಕ್ಕಳು ಸಂಘಟಿತರಾಗಿ ಕೂಲಿಗಾಗಿ, ಗೌರವಕ್ಕಾಗಿ ಹೋರಾಡಿದ್ದು, ಯುಗಾಂತರ ತಂಡ 1982ರಲ್ಲಿ ಅವರನ್ನು ಕುರಿತು ಚಲನಚಿತ್ರ ಮಾಡಿದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಬೀಡಿ ಸೇದುವ ಗಂಡಸರು, ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಹೆಂಗಸರು, ಎಲೆಅಡಿಕೆಯೊಂದಿಗೆ ತಂಬಾಕು ಜಗಿಯುವ ಮುದುಕರು ಒಂದೇ ಸೂರಿನಡಿ ಬಾಳುವ ಕಡೆ ಬಾಯಿ, ಗಂಟಲುಗಳ ಕ್ಯಾನ್ಸರ್ ಕಾಣಿಸಿಕೊಂಡರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾದ ಅಗತ್ಯ ಬೀಳುವುದಿಲ್ಲ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಆ ನಿರ್ಣಯ ಸರಿಯಾದದ್ದೇ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೂ ತಂಬಾಕನ್ನು ಸೇದುವ ಮತ್ತು ಜಗಿಯುವ ಅಭ್ಯಾಸಕ್ಕೂ ಇರುವ ನಂಟನ್ನು ಮುಂಬಯಿಯ ಎಲ್. ಡಿ. ಸಂಘ್ವಿ ಮತ್ತು ವಿ. ಆರ್. ಖಾನೋಲಕರ್ ಸಂಗಡಿಗರೊಂದಿಗೆ 1955ರಲ್ಲೇ ಅಂಕಿಸಂಖ್ಯೆಗಳಿಂದ ಸ್ಥಾಪಿಸಿದ್ದರು.

ತಂಬಾಕು ಮನೆತನದ ಕ್ಯಾನ್ಸರನ್ನು ಎರಡು ರೀತಿಯಲ್ಲಿ ಮರೆಮಾಡಿತು. ಒಂದೇ ಮನೆಯಲ್ಲಿ ತಂದೆ, ಮಗ, ಸೊಸೆ ಮೂವರಿಗೂ ಬಾಯಿಯ ಕ್ಯಾನ್ಸರ್ ಬಂದರೆ ಅದು ರಕ್ತದಲ್ಲಿ ಹರಿದುಬಂದಂತೆ ತೋರಿದರೂ ಸೊಸೆ ಬೇರೆ ರಕ್ತದವಳು. ಅಲ್ಲಿ ಹರಿದುಬಂದದ್ದು ಅಭ್ಯಾಸ. ಇದಕ್ಕೆ ಪ್ರತಿಯಾಗಿ, ತಾಯಿಗೂ ಮಗಳಿಗೂ ನಲವತ್ತರೊಳಗೆ ಎದೆಯ ಗಂಟು, ತಾಯಿಯ ತಂಗಿಗೆ ಅಂಡಾಶಯದ ಗಡ್ಡೆ ಕಾಣಿಸಿದ ಮನೆಯಲ್ಲಿ ರಕ್ತದ ಸುಳಿವು ಸ್ಪಷ್ಟವಾಗಿದ್ದರೂ, ಅವರು ವಖಾರಿಯ ಕೂಲಿಯವರಾದ ಕಾರಣ ರೋಗವೆಲ್ಲ ತಂಬಾಕಿನ ದೂಳಿನ ಖಾತೆಗೆ, ಇಲ್ಲವೇ ಮನೆದೇವರ ಸಿಟ್ಟಿನ ಖಾತೆಗೆ ಜಮೆಯಾಗಬಹುದಿತ್ತು. ಕ್ಯಾನ್ಸರುಗಳಲ್ಲಿ ಶೇಕಡಾ 5ರಿಂದ 10ರಷ್ಟು ಮಾತ್ರ ಪ್ರಬಲವಾದ ವಂಶಾಗತ ದೋಷದಿಂದ ಬರುವಂಥವು ಎಂಬುದು ಸಾಮಾನ್ಯ ಅಂದಾಜು. ತಂಬಾಕಿನ ಹಾವಳಿ ಇಷ್ಟಿರುವ ಸೀಮೆಯಲ್ಲಿ ಆ ಸಣ್ಣ ಪಾಲನ್ನು ಬೇರ್ಪಡಿಸುವುದು ಕಷ್ಟ, ಆದರೆ ಬೇರ್ಪಡಿಸದಿದ್ದರೆ ರೋಗ ಬರುವ ಮೊದಲೇ ಎಚ್ಚರಿಸಬಹುದಾದವರು ಕೈತಪ್ಪಿ ಹೋಗುತ್ತಾರೆ.

ತಂಬಾಕಿನ ಅಪಾಯವನ್ನು ಎತ್ತಿತೋರಿಸಿದ ಸಂಘ್ವಿಯವರೇ ತಳಿವಿಜ್ಞಾನಿಯೂ ಆಗಿದ್ದು, ತಮ್ಮೊಳಗೇ ಮದುವೆಯಾಗುವ ಮುಂಬಯಿಯ ಸಮುದಾಯಗಳ ರಕ್ತದ ಗುಂಪು ಮೊದಲಾದ ವಂಶಾಗತ ಲಕ್ಷಣಗಳನ್ನು ಖಾನೋಲಕರರೊಡನೆ ಅಧ್ಯಯನ ಮಾಡಿದ್ದರು ಎಂಬುದು ಈ ಚರಿತ್ರೆಯಲ್ಲಿ ಅರ್ಥಪೂರ್ಣವಾದ ಸಂಗತಿ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು. ಅಭ್ಯಾಸ ಮತ್ತು ವಂಶ ಎಂಬ ಎರಡು ಕಾರಣಗಳನ್ನು ಒಟ್ಟಿಗೆ ಹಿಡಿದು ನೋಡುವ ದೃಷ್ಟಿ ಹೀಗೆ ಈ ಸೀಮೆಯ ರಾಜಧಾನಿಯಲ್ಲೇ ಮೂಡಿತ್ತು, ಆದರೆ ಅದು ಹಳ್ಳಿಯ ದವಾಖಾನೆಗೆ ಇಳಿಯಲು ಬೇಕಾದ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ಆ ಸಾಧನ ಹಂತಹಂತವಾಗಿ ಒದಗಿತು. ಪ್ರತಿಯೊಂದು ಜೀನಿನ ಎರಡು ಪ್ರತಿಗಳು, ತಾಯಿಯಿಂದ ಒಂದು ಮತ್ತು ತಂದೆಯಿಂದ ಒಂದು, ನಮ್ಮ ಕೋಶಗಳಲ್ಲಿರುತ್ತವೆ. ಕೋಶ ಮಿತಿಮೀರಿ ಬೆಳೆಯದಂತೆ ಕಾಯುವ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ, ಮುಂದೆ ಯಾವುದೋ ಕೋಶದಲ್ಲಿ ಎರಡನೆಯ ಪ್ರತಿಯೂ ಕೆಟ್ಟಾಗ ಕ್ಯಾನ್ಸರ್ ಮೊಳೆಯುತ್ತದೆ ಎಂದು ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರಿನ ಆಧಾರದಿಂದ ತರ್ಕಿಸಿದರು. ಒಂದು ಪ್ರತಿ ಮೊದಲೇ ಕೆಟ್ಟಿರುವವರಲ್ಲಿ ರೋಗ ಎಳೆಯ ವಯಸ್ಸಿನಲ್ಲೇ, ಕೆಲವೊಮ್ಮೆ ಎರಡೂ ಕಣ್ಣು ಅಥವಾ ಎರಡೂ ಸ್ತನಗಳಲ್ಲಿ ಬರುವುದೇಕೆ ಎಂಬುದು ಇದರಿಂದ ತಿಳಿಯಿತು. ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ಸ್ತನ ಕ್ಯಾನ್ಸರ್ ಪದೇ ಪದೇ ಕಾಣಿಸಿಕೊಂಡ ಮನೆತನಗಳ ವಂಶಾವಳಿಗಳನ್ನು ಬಳಸಿಯೇ ಆ ದೋಷದ ನೆಲೆ 17ನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2 ಜೀನುಗಳು ಕೈಗೆ ಸಿಕ್ಕವು. ಡಿಎನ್‌ಎ ಮುರಿದಾಗ ಅದನ್ನು ದುರಸ್ತಿ ಮಾಡಲು ನೆರವಾಗುವುದು ಈ ಜೀನುಗಳ ಕೆಲಸ. ಅವುಗಳಲ್ಲಿ ದೋಷ ಹೊತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ.

ಕರ್ನಾಟಕದ ಮಟ್ಟಿಗೆ ಈ ವಿದ್ಯೆಯ ಮುಖ್ಯ ಮೈಲಿಗಲ್ಲು ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆತನದಲ್ಲಿ ಸ್ತನ ಅಥವಾ ಅಂಡಾಶಯ ಕ್ಯಾನ್ಸರಿನ ಇತಿಹಾಸವಿದ್ದ ದಕ್ಷಿಣ ಭಾರತದ 61 ರೋಗಿಗಳನ್ನು ಪರೀಕ್ಷಿಸಿದಾಗ 17 ಮಂದಿಯಲ್ಲಿ ಬಿಆರ್‌ಸಿಎ ದೋಷಗಳು ಸಿಕ್ಕವು, ಮತ್ತು ಆ ಪೈಕಿ 10 ಮಂದಿಯಲ್ಲಿದ್ದದ್ದು ಒಂದೇ ದೋಷ: ಬಿಆರ್‌ಸಿಎ1 ಜೀನಿನ ಬರಹದಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿ ಮುಂದಿನ ವಾಕ್ಯವೆಲ್ಲ ಅರ್ಥಗೆಟ್ಟಂತೆ ಆಗುವ, ಪೂರ್ವ ಯುರೋಪಿನ ಯೆಹೂದಿಗಳಲ್ಲಿ ಬಹಳ ಕಾಲದಿಂದ ಗೊತ್ತಿದ್ದ ಬದಲಾವಣೆ. ವಂಶಾಗತ ಸ್ತನ ಕ್ಯಾನ್ಸರ್ ಪಾಶ್ಚಾತ್ಯರ ರೋಗವೆಂಬ ಸಡಿಲ ನಂಬಿಕೆಗೆ ಈ ಅಧ್ಯಯನ ಗಟ್ಟಿಯಾದ ಉತ್ತರ ಕೊಟ್ಟಿತು.

ಗಡಿನಾಡಿನ ಮದುವೆಯ ರೂಢಿ ಇಲ್ಲಿ ಒಂದು ವಿಶೇಷ ತೊಡಕನ್ನು ತರುತ್ತದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಈ ಸೀಮೆಯ ಕನ್ನಡ ಮತ್ತು ಮರಾಠಿ ಮನೆಗಳೆರಡರಲ್ಲೂ ಬೇರೂರಿದೆ. ಬಿಆರ್‌ಸಿಎ ಬಗೆಯ ದೋಷ ಒಂದೇ ಪ್ರತಿಯಲ್ಲಿದ್ದರೂ ಅಪಾಯ ತರುವಂಥದ್ದಾದ್ದರಿಂದ ಅದಕ್ಕೆ ರಕ್ತಸಂಬಂಧದ ಮದುವೆಯೇ ಕಾರಣವೆಂದು ಹೇಳುವುದು ತಪ್ಪು. ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಂಭವ ಅರ್ಧಕ್ಕರ್ಧ. ಆದರೆ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಕೆಲವು ಅಪರೂಪದ ವ್ಯಾಧಿಗಳು, ಮಕ್ಕಳಲ್ಲಿ ರಕ್ತಹೀನತೆಯಾಗಿ ತೋರಿ ಮುಂದೆ ಕ್ಯಾನ್ಸರಿಗೆ ದಾರಿಮಾಡುವ ಫ್ಯಾಂಕೋನಿ ರೋಗದಂಥವು, ಇಂಥ ಮದುವೆಗಳಲ್ಲಿ ಹೆಚ್ಚುತ್ತವೆ. ಅದಕ್ಕಿಂತ ಮುಖ್ಯವಾಗಿ, ಅತ್ತೆಯೂ ಅಜ್ಜಿಯೂ ಒಬ್ಬಳೇ ಆಗಿರುವ ಮನೆಯಲ್ಲಿ ರೋಗ ತಾಯಿಯ ಕಡೆಯಿಂದ ಬಂತೋ ತಂದೆಯ ಕಡೆಯಿಂದಲೋ ಎಂದು ಬಿಡಿಸುವುದೇ ಕಷ್ಟ.

ಹೆಣ್ಣಿನ ರೋಗ ಗಂಡಿನ ಮೂಲಕವೂ ದಾಟುತ್ತದೆ ಎಂಬ ಸಂಗತಿ ಹಳೆಯ ವಂಶಾವಳಿಯ ಕೊರತೆಯನ್ನು ಎತ್ತಿತೋರಿಸುತ್ತದೆ. ತಂದೆ ಆರೋಗ್ಯವಾಗಿದ್ದು, ಅವನ ಅಕ್ಕತಂಗಿಯರು ಎಳೆವಯಸ್ಸಿನಲ್ಲಿ ಸತ್ತಿದ್ದರೆ, ಮಗಳಿಗಿರುವ ಅಪಾಯದ ಸಾಕ್ಷಿ ಆ ಸೋದರತ್ತೆಯರೇ. ಆದರೆ ಅವರು ಮದುವೆಯಾಗಿ ಹೋದವರು, ಅಲ್ಲಿನ ವಂಶವೃಕ್ಷದಲ್ಲೂ ಇಲ್ಲಿನ ವಂಶವೃಕ್ಷದಲ್ಲೂ ನೆಲೆಯಿಲ್ಲದವರು. ಅಥಣಿ, ರಾಯಬಾಗ, ನಿಪ್ಪಾಣಿಗಳ ದೇವದಾಸಿ ಮನೆಗಳಲ್ಲಿ, 1982ರ ನಿಷೇಧ ಕಾಯಿದೆಯ ಮೊದಲು ಮತ್ತು ನಂತರವೂ, ವಂಶ ತಾಯಿಯಿಂದ ಮಗಳಿಗೆ ಸಾಗಿದ್ದರಿಂದ ಅಲ್ಲಿ ಕಾಣೆಯಾದದ್ದು ತಂದೆಯ ಅರ್ಧ. ಕರ್ನಾಟಕದ ವಾರಸಾ ಕಾಯಿದೆಯ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ಮೇಲೆ, ಮತ್ತು 2005ರಲ್ಲಿ ಕೇಂದ್ರ ಕಾಯಿದೆಯೂ ಅದನ್ನೇ ಮಾಡಿದ ಮೇಲೆ, ನಾಡಕಚೇರಿಗೆ ಸಲ್ಲಿಸುವ ವಂಶವೃಕ್ಷದಿಂದ ಮಗಳ ಹೆಸರನ್ನು ಬಿಡುವುದು ಕಷ್ಟವಾಯಿತು. ಆಸ್ತಿಗಾಗಿ ಆದ ಈ ಬದಲಾವಣೆ, ಯಾರೂ ಉದ್ದೇಶಿಸದಿದ್ದರೂ, ವೈದ್ಯಕೀಯ ವಂಶಾವಳಿಗೆ ಬೇಕಾದ ಹೆಸರುಗಳನ್ನು ಒದಗಿಸಿತು.

ವೈದ್ಯಕೀಯ ವಂಶಾವಳಿ ಕೇಳುವುದು ಹೆಚ್ಚೇನಲ್ಲ: ಕನಿಷ್ಠ ಮೂರು ತಲೆಮಾರು, ತಾಯಿ ಮತ್ತು ತಂದೆ ಇಬ್ಬರ ಕಡೆಯವರೂ, ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗ ಬಂದವರಿಗೆ ಕಪ್ಪು ತುಂಬಿದ ಗುರುತು, ಅದರ ಕೆಳಗೆ ರೋಗ ಬಂದ ವಯಸ್ಸು. ಅದರ ಆಧಾರದ ಮೇಲೆ ಮೊದಲು ರೋಗ ಬಂದವರ ರಕ್ತವನ್ನು ಪರೀಕ್ಷಿಸಿ, ದೋಷ ಸಿಕ್ಕರೆ ಅದೇ ದೋಷಕ್ಕಾಗಿ ಉಳಿದ ರಕ್ತಸಂಬಂಧಿಗಳನ್ನು ಪರೀಕ್ಷಿಸುತ್ತಾರೆ. ಸಿಕ್ಕ ಬದಲಾವಣೆ ಅಪಾಯಕಾರಿಯೋ ನಿರುಪದ್ರವಿಯೋ ಎಂದು ಹೇಳಲಾಗದ ಸಂದರ್ಭಗಳೂ ಇವೆ. ಜಗತ್ತಿನ ತಳಿಮಾಹಿತಿಯ ಬಹುಭಾಗ ಯುರೋಪಿನ ಮೂಲದವರದಾದ್ದರಿಂದ ಭಾರತೀಯರಲ್ಲಿ ಇಂಥ ಅನಿಶ್ಚಿತ ಫಲಿತಾಂಶ ಹೆಚ್ಚು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆ ಆ ಕೊರತೆಯನ್ನು ತುಂಬುವ ಪ್ರಯತ್ನ. ದೋಷ ಇದೆಯೆಂದು ತಿಳಿದ ಮೇಲೆ ಎಳೆವಯಸ್ಸಿನಿಂದಲೇ ಎಂಆರ್‌ಐ ತಪಾಸಣೆ, ಬೇಕಾದವರಿಗೆ ಅಂಡಾಶಯ ಅಥವಾ ಸ್ತನವನ್ನು ಮುಂಚಿತವಾಗಿ ತೆಗೆಸುವ ಶಸ್ತ್ರಚಿಕಿತ್ಸೆ, ರೋಗ ಬಂದವರಿಗೆ ಒಲಾಪರಿಬ್‌ನಂಥ ಔಷಧ ಲಭ್ಯವಿವೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆಯಿಂದ ಅಜ್ಜಿಯ ರೋಗವನ್ನು ಮುಚ್ಚಿಡುವ ಮನೆಗಳು ಈ ಅವಕಾಶದಿಂದ ದೂರ ಉಳಿಯುವುದು ನೋವಿನ ಸಂಗತಿ.

ಚಿಕಿತ್ಸೆಗಾಗಿ ಈ ಸೀಮೆಯವರು ಹಿಡಿದ ದಾರಿಗಳು ಎಂದೂ ರಾಜ್ಯದ ಗಡಿಯನ್ನು ಲೆಕ್ಕಿಸಿದವಲ್ಲ. ವಿಲಿಯಮ್ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದ ಮಿಶನ್ ಆಸ್ಪತ್ರೆಗೆ ಕಾಗವಾಡ, ಅಥಣಿಗಳಿಂದ ಜನ ಹೋದರು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಕೈಲಾದವರು 1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರೆಗೂ ನಡೆದರು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದ್ದು 2025ರ ಜನವರಿ 3ರಂದು. ಹೀಗಾಗಿ ಒಂದೇ ಅಜ್ಜಿಯ ಮೂವರು ಮೊಮ್ಮಕ್ಕಳಲ್ಲಿ ಕಾಗವಾಡದವಳ ಕಡತ ಮಿರಜದಲ್ಲಿ ಮರಾಠಿ ಹೆಸರಿನಡಿ, ರಾಯಬಾಗದವಳದು ಬೆಳಗಾವಿಯಲ್ಲಿ ಗಂಡನ ಮನೆತನದ ಹೆಸರಿನಡಿ, ನಿಪ್ಪಾಣಿಯವಳದು ಕೊಲ್ಹಾಪುರದಲ್ಲಿ ಇರುವುದು ಸಾಧ್ಯ, ಮತ್ತು ಆ ಮೂರು ಕಡತಗಳ ವೈದ್ಯರಲ್ಲಿ ಪ್ರತಿಯೊಬ್ಬರೂ ಮನೆತನದಲ್ಲಿ ರೋಗ ಕಂಡ ಮೊದಲನೆಯವಳು ತಮ್ಮ ಮುಂದಿರುವವಳೇ ಎಂದು ಬರೆದುಕೊಂಡಿರುವುದೂ ಸಾಧ್ಯ.